ಹವಳದ ಕೇರಿಯ ನೆರೆಹೊರೆ

ಮನೆಯ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕಬಯಸುವವರಿಗೆ ಲಕ್ಷದ್ವೀಪದ ಒಳಗಡಲು ಕಲಿಸುವ ಪಾಠ

ಕೊಚ್ಚಿಯನ್ನು ಬಿಟ್ಟ ಹಡಗು ಒಂದಿಡೀ ರಾತ್ರಿ ಅರಬ್ಬೀ ಸಮುದ್ರವನ್ನು ಸೀಳಿಕೊಂಡು ವಾಯವ್ಯಕ್ಕೆ ಸಾಗಿದ ಬಳಿಕ, ದಿಗಂತದ ಅಂಚಿನಲ್ಲಿ ಒಂದು ಹಸುರು ಗೆರೆ ಮೂಡುತ್ತದೆ. ಹತ್ತಿರ ಹೋದಂತೆ ಅದು ತೆಂಗಿನ ತೋಪೆಂದು ತಿಳಿಯುತ್ತದೆ. ಬೆಟ್ಟವಿಲ್ಲ, ಗುಡ್ಡವಿಲ್ಲ, ಹೊಳೆಯಿಲ್ಲ. ಕಡಲ ಮಟ್ಟಕ್ಕಿಂತ ತುಸುವೇ ತಲೆಯೆತ್ತಿ ನಿಂತ ಬಿಳಿಯ ಮರಳಿನ ನೆಲ. ಇದೇ ಕಡಮತ್ ದ್ವೀಪ. ಉದ್ದ ಸುಮಾರು 9 ಕಿಲೊಮೀಟರ್. ಅಗಲವೋ, ಅತಿ ಹೆಚ್ಚಾದ ಎಡೆಯಲ್ಲಿಯೂ ಅರ್ಧ ಕಿಲೊಮೀಟರನ್ನು ಕೊಂಚವೇ ಮೀರುತ್ತದೆ. ಊರಿನ ಒಂದು ಬದಿಯ ಅಂಗಳದಲ್ಲಿ ನಿಂತವನಿಗೆ ಎರಡೂ ಬದಿಯ ಕಡಲ ಮೊರೆತ ಕೇಳಿಸುವಷ್ಟು ಇಕ್ಕಟ್ಟಾದ ನಾಡು ಇದು.

ಕನ್ನಡನಾಡಿಗೂ ಈ ದ್ವೀಪಕ್ಕೂ ಹಳೆಯ ನಂಟುಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳ ಗುಂಪು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಸೇರಿತ್ತು. 1799ರಲ್ಲಿ ಅವನ ಪತನವಾದ ಮೇಲೆ ಇಂಗ್ಲಿಷರ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಅಧೀನದಲ್ಲಿ 1956ರ ವರೆಗೂ ಉಳಿಯಿತು. ದ್ವೀಪದ ತೆಂಗಿನ ನಾರು, ಕೊಬ್ಬರಿ ಹಾಯಿಯ ಓಡಗಳನ್ನೇರಿ ಮಂಗಳೂರಿನ ಹಳೆಯ ಬಂದರಿಗೆ ಬರುತ್ತಿದ್ದವು. ಅಲ್ಲಿಂದ ಅಕ್ಕಿಯ ಮೂಟೆಗಳು ದ್ವೀಪಕ್ಕೆ ಮರಳುತ್ತಿದ್ದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾದ ಈ ದ್ವೀಪಸಮೂಹಕ್ಕೆ ಲಕ್ಷದ್ವೀಪವೆಂಬ ಹೆಸರು ಬಂದುದು 1973ರಲ್ಲಿ.

ಆದರೆ ಇಲ್ಲಿಗೆ ಬರುವ ಪ್ರವಾಸಿಯ ಕಣ್ಣನ್ನು ಮೊದಲು ಸೆಳೆಯುವುದು ನೆಲವಲ್ಲ, ನೀರು. ಹೊರಗಿನ ಕಡಲು ಮಸಿಯ ನೀಲಿ. ದ್ವೀಪದ ಪಡುವಣದಲ್ಲಿ ಒಂದು ಬಿಳಿಯ ನೊರೆಯ ಗೆರೆ. ಆ ಗೆರೆಯಿಂದ ಈಚೆಗೆ ನವಿಲಿನ ಕೊರಳಿನ ಬಣ್ಣದ, ತಳದ ಮರಳು ಕಾಣುವಷ್ಟು ತಿಳಿಯಾದ, ಅಲೆಯಿಲ್ಲದ ನೀರು. ಇದನ್ನೇ ಲಗೂನ್ ಎನ್ನುವರು. ಒಳಗಡಲು ಎಂದರೆ ಕನ್ನಡಕ್ಕೆ ಒಪ್ಪುತ್ತದೆ.

ಹವಳ ಕಟ್ಟಿದ ಕೋಟೆ

ಈ ಒಳಗಡಲಿಗೆ ಕೋಟೆ ಕಟ್ಟಿದವು ಸಾಸಿವೆ ಕಾಳಿನಿಂದ ಬಟಾಣಿಯವರೆಗಿನ ಗಾತ್ರದ ಹವಳದ ಜೀವಿಗಳು. ಕಡಲ ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ಗೂಡು ಕಟ್ಟುತ್ತ, ಸತ್ತವರ ಗೂಡಿನ ಮೇಲೆ ಬದುಕಿದವರು ಮತ್ತೆ ಗೂಡು ಕಟ್ಟುತ್ತ, ಸಹಸ್ರಾರು ವರ್ಷಗಳಲ್ಲಿ ಎದ್ದ ದಿಬ್ಬವಿದು. ಕಡಲಿನ ನಡುವೆ ಇಂಥ ಉಂಗುರದ ದಿಬ್ಬಗಳು ಹೇಗೆ ಹುಟ್ಟುತ್ತವೆಂಬುದನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಬೆಂಕಿಯ ಬೆಟ್ಟವೊಂದು ನಿಧಾನವಾಗಿ ಕಡಲಿನಲ್ಲಿ ಕುಸಿಯುತ್ತ ಹೋದಂತೆ, ಅದರ ಸುತ್ತ ಬೆಳೆದ ಹವಳವು ಬೆಳಕಿಗಾಗಿ ಮೇಲೇರುತ್ತ ಬಂದು, ಕೊನೆಗೆ ಬೆಟ್ಟ ಮುಳುಗಿ ಉಂಗುರ ಮಾತ್ರ ಉಳಿಯುತ್ತದೆಂಬುದು ಅವನ ವಾದ. ಇಂಥ ಉಂಗುರದಿಬ್ಬಕ್ಕೆ ಜಗತ್ತಿನಲ್ಲೆಲ್ಲ ಬಳಕೆಯಾಗುವ 'ಅಟಾಲ್' ಎಂಬ ಹೆಸರು ಮಾಲ್ದೀವಿನವರ ನುಡಿಯಿಂದ ಬಂದುದು. ಲಕ್ಷದ್ವೀಪದ ತೆಂಕಣ ತುದಿಯ ಮಿನಿಕಾಯ್ ದ್ವೀಪದವರ ಮನೆಮಾತು ಅದೇ ನುಡಿಯ ಒಂದು ಬಗೆ.

ಸರ್ಕಾರದ ಲೆಕ್ಕದಂತೆ ಲಕ್ಷದ್ವೀಪದ 36 ದ್ವೀಪಗಳೂ ಸೇರಿ ನೆಲದ ವಿಸ್ತಾರ 32 ಚದರ ಕಿಲೊಮೀಟರ್ ಮಾತ್ರ. ಒಳಗಡಲುಗಳ ವಿಸ್ತಾರ ಸುಮಾರು 4,200 ಚದರ ಕಿಲೊಮೀಟರ್! ಮನುಷ್ಯನ ಪಾಲಿಗಿಂತ ಮೀನಿನ ಪಾಲು ನೂರು ಪಟ್ಟಿಗೂ ಮಿಗಿಲು. ಎಸ್. ಜೋನ್ಸ್ ಮತ್ತು ಎಂ. ಕುಮಾರನ್ ಅವರು 1980ರಲ್ಲಿ ಹೊರತಂದ ಗ್ರಂಥವೊಂದರಲ್ಲೇ ಇಲ್ಲಿಯ 603 ಜಾತಿಯ ಮೀನುಗಳ ವರ್ಣನೆಯಿದೆ.

ಗಾಜಿನ ತಳದ ದೋಣಿಯಲ್ಲಿ ಕುಳಿತು ಈ ಲೋಕದ ಮೇಲೆ ತೇಲುವುದು ಇಲ್ಲಿಗೆ ಬಂದವರ ಮೊದಲ ವಿನೋದ. ಹಳದಿ, ನೇರಳೆ, ಕಿತ್ತಳೆ, ನೀಲಿ ಮೀನುಗಳು ಹವಳದ ಕೊಂಬೆಗಳ ನಡುವೆ ಜಾತ್ರೆಯ ಜನದಂತೆ ಸುಳಿದಾಡುವುದನ್ನು ಕಂಡ ಮಕ್ಕಳು ಮೊದಲು ಕೇಳುವ ಪ್ರಶ್ನೆ, "ಇವನ್ನೆಲ್ಲ ನಮ್ಮ ಮನೆಯಲ್ಲೂ ಸಾಕಬಹುದೆ?" ಎಂಬುದು. ಈಚಿನ ವರ್ಷಗಳಲ್ಲಿ ನಗರದ ಮನೆಗಳ ನಡುಮನೆಗೆ ಉಪ್ಪುನೀರಿನ ಮೀನುತೊಟ್ಟಿಯೂ ಬಂದಿರುವುದರಿಂದ ಪ್ರಶ್ನೆ ಅಸಹಜವೇನಲ್ಲ. ಬಣ್ಣಕ್ಕೊಂದರಂತೆ ಆರಿಸಿ ತಂದ ಮೀನುಗಳು ವಾರದೊಳಗೆ ಒಂದನ್ನೊಂದು ಕಚ್ಚಿ, ಬೆದರಿಸಿ, ಹಸಿವಿನಿಂದ ಸೊರಗಿ ಒಂದೊಂದಾಗಿ ಸಾಯುವುದೂ ಅಷ್ಟೇ ಸಾಮಾನ್ಯ. ಜಾತ್ರೆಯಂತೆ ತೋರುವ ಈ ಹವಳದ ದಿಬ್ಬ ನಿಜವಾಗಿ ಜಾತ್ರೆಯಲ್ಲ, ಕಟ್ಟುಪಾಡುಗಳುಳ್ಳ ಕೇರಿ. ಯಾರ ಮನೆ ಎಲ್ಲಿ, ಯಾರ ಊಟ ಯಾವುದು, ಯಾರ ಅಂಗಳಕ್ಕೆ ಯಾರು ಕಾಲಿಡಬಾರದು ಎಂಬುದೆಲ್ಲ ಇಲ್ಲಿ ನಿಶ್ಚಿತ. ಈ ಕೇರಿಯನ್ನು ಒಮ್ಮೆ ಸುತ್ತಿ ಬಂದವನಿಗೆ ತೊಟ್ಟಿಗೆ ಮೀನು ಆರಿಸುವ ಕೆಲಸ ಅರ್ಧ ಮುಗಿದಂತೆಯೇ.

ಮರಳ ಬಯಲಿನ ಪಾಲುದಾರರು

ದಡದಿಂದ ಹೊರಟರೆ ಮೊದಲು ಸಿಗುವುದು ಬರಿಯ ಮರಳು. ಇಲ್ಲಿ ಯಾರೂ ಇಲ್ಲವೆಂದು ಮುಂದೆ ಹೋಗುವವರೇ ಹೆಚ್ಚು. ತಾಳ್ಮೆಯಿಂದ ನೋಡಿದರೆ ಸಣ್ಣದೊಂದು ಬಿಲ. ಅದರ ಬಾಗಿಲಲ್ಲಿ ಬೆರಳುದ್ದದ ಗೋಬಿ ಮೀನು ಅಲುಗದೆ ಕುಳಿತಿದೆ. ಅದರ ಹಿಂದಿನಿಂದ ಸಿಗಡಿಯೊಂದು ಬುಲ್ಡೋಜರಿನಂತೆ ಮರಳನ್ನು ತಳ್ಳಿಕೊಂಡು ಹೊರಬರುತ್ತದೆ, ಸುರಿದು ಒಳಗೆ ಹೋಗುತ್ತದೆ. ಈ ಸಿಗಡಿಗೆ ದೃಷ್ಟಿ ತೀರ ಮಂದ. ಆದರೆ ಬಿಲ ತೋಡುವುದರಲ್ಲಿ ನಿಸ್ಸೀಮ. ಗೋಬಿಗೆ ಬಿಲ ತೋಡಲು ಬಾರದು, ಕಣ್ಣು ಮಾತ್ರ ಚುರುಕು. ಹೊರಗೆ ಬಂದಾಗಲೆಲ್ಲ ಸಿಗಡಿಯ ಮೀಸೆಯೊಂದು ಗೋಬಿಯ ಮೈಮೇಲೆಯೇ ಇರುತ್ತದೆ. ಅಪಾಯ ಕಂಡೊಡನೆ ಗೋಬಿ ಬಾಲ ನಡುಗಿಸುತ್ತದೆ. ಸಿಗಡಿ ಒಳಗೆ ಸರಿಯುತ್ತದೆ. ಅಪಾಯ ಮೇಲೆಯೇ ಬಂದರೆ ಗೋಬಿಯೂ ತಲೆ ಮುಂದಾಗಿ ಬಿಲಕ್ಕೆ ಧುಮುಕುತ್ತದೆ.

ಕುರುಡನ ಹೆಗಲೇರಿದ ಕುಂಟನ ಕಥೆಯನ್ನು ನೆನಪಿಗೆ ತರುವ ಈ ಜೋಡಿಯು ಗಾಜಿನ ತೊಟ್ಟಿಯಲ್ಲಿಯೂ ಇದೇ ರೀತಿ ಬಾಳುತ್ತದೆ. ಇಬ್ಬರಿಗೂ ಬೇಕಾದುದು ಒಂದಿಷ್ಟು ಮರಳು, ಕೆಲವು ಹವಳದ ಚೂರು, ಮತ್ತು ಬಾಗಿಲಿಗೆ ಬಂದು ಕಾಡದ ನೆರೆಯವರು. ಹೊಂದಾಣಿಕೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಒಬ್ಬನಿಗೆ ಇಲ್ಲದುದು ಇನ್ನೊಬ್ಬನಲ್ಲಿ ಉಂಟು. ಇಬ್ಬರೂ ಒಂದೇ ತುತ್ತಿಗೆ ಬಾಯಿ ಹಾಕುವುದಿಲ್ಲ.

ಕಡಲಹೂವಿನ ಕುಟುಂಬ

ಮುಂದೆ ಹವಳದ ಬಂಡೆಗಳು. ಅವುಗಳ ತಲೆಯ ಮೇಲೆ ಅಲ್ಲಲ್ಲಿ, ಗಾಳಿಗೆ ಓಲಾಡುವ ತೆನೆಗಳಂತೆ ನೂರಾರು ಬೆರಳುಗಳನ್ನಾಡಿಸುವ ಅನಿಮೋನ್ ಎಂಬ ಕಡಲಹೂ. ನೋಡಲು ಹೂವಾದರೂ ಇದು ಪ್ರಾಣಿ. ಆ ಬೆರಳುಗಳ ತುಂಬ ವಿಷದ ಮುಳ್ಳು. ಬೇರೆ ಮೀನು ಸೋಕಿದರೆ ಸಾವು. ವಿದೂಷಕ ಮೀನು ಮಾತ್ರ ತನ್ನ ಮೈಯ ಲೋಳೆಯ ರಕ್ಷಣೆಯಿಂದ ಆ ಮುಳ್ಳಿನ ಹಾಸಿಗೆಯಲ್ಲಿ ಸುಖವಾಗಿ ಹೊರಳುತ್ತದೆ. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೋ' ಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾದ ವಂಶವಿದು. ನೀಮೋವಿನ ಮೈಮೇಲೆ ಮೂರು ಬಿಳಿ ಪಟ್ಟೆ. ಲಕ್ಷದ್ವೀಪ, ಮಾಲ್ದೀವು, ಸಿಂಹಳಗಳ ಕಡಲಿಗೇ ಸೀಮಿತವಾದ ಇಲ್ಲಿಯ ಬಂಧುವಿಗೆ ಕಿವಿರಿನ ಬಳಿ ಒಂದೇ ಬಿಳಿ ಪಟ್ಟೆ, ಹೊಟ್ಟೆಯ ರೆಕ್ಕೆಗಳು ಕಪ್ಪು.

ಒಂದು ಕಡಲಹೂವಿನಲ್ಲಿ ಒಂದು ಕುಟುಂಬ. ಎಲ್ಲರಿಗಿಂತ ದೊಡ್ಡದು ಹೆಣ್ಣು, ಆಕೆಯೇ ಯಜಮಾನಿ. ಎರಡನೆಯ ಗಾತ್ರದ್ದು ಅವಳ ಗಂಡ. ಉಳಿದವು ಇನ್ನೂ ಪ್ರಾಯಕ್ಕೆ ಬಾರದೆ, ಗಾತ್ರದ ಸಾಲಿನಲ್ಲಿ ತಮ್ಮ ಸರದಿಗಾಗಿ ಕಾಯುವ ಕಿರಿಯರು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಕಿರಿಯರಲ್ಲಿ ಹಿರಿಯನು ಗಂಡಿನ ಸ್ಥಾನಕ್ಕೆ ಏರುತ್ತಾನೆ. ಕಿರಿಯರು ತಮ್ಮ ಮೇಲಿನವರಷ್ಟು ಬೆಳೆಯದೆ ಹಿಂದುಳಿಯುವುದರಿಂದಲೇ ಈ ಸಂಸಾರ ಒಡೆಯದೆ ನಿಂತಿದೆ.

ತೊಟ್ಟಿಗೆ ವಿದೂಷಕ ಮೀನು ತರುವವರಿಗೆ ಇದರಿಂದ ಮೂರು ಸೂಚನೆಗಳು ದೊರೆಯುತ್ತವೆ. ಒಂದೇ ಜಾತಿಯ, ಒಂದು ದೊಡ್ಡದು ಒಂದು ಚಿಕ್ಕದಾದ ಎರಡು ಎಳೆಯ ಮೀನುಗಳನ್ನು ತರಬೇಕು. ಅವು ತಾವೇ ಹೆಣ್ಣು ಗಂಡಾಗಿ ಹೊಂದಿಕೊಳ್ಳುತ್ತವೆ. ಮೂರನೆಯದನ್ನು ಸೇರಿಸಿದರೆ ಚಿಕ್ಕ ತೊಟ್ಟಿಯಲ್ಲಿ ಅದಕ್ಕೆ ಉಳಿಗಾಲವಿಲ್ಲ. ಬೇರೆ ಜಾತಿಯ ವಿದೂಷಕನನ್ನು ತಂದರಂತೂ ಕಲಹ ಖಂಡಿತ. ಕಡಲಹೂವಿಲ್ಲದೆ ಇವು ಬದುಕಲಾರವೆಂಬ ನಂಬಿಕೆ ಮಾತ್ರ ತಪ್ಪು. ಹಿಡಿದು ತಿನ್ನುವ ಶತ್ರುವಿಲ್ಲದ ತೊಟ್ಟಿಯಲ್ಲಿ ಅದರ ಆಸರೆಯಿಲ್ಲದೆಯೂ ಅವು ಚೆನ್ನಾಗಿಯೇ ಬಾಳುತ್ತವೆ.

ಪುಟ್ಟ ಒಡೆಯರ ದರ್ಪ

ಕವಲೊಡೆದ ಹವಳದ ಪೊದೆಯೊಂದರ ಸುತ್ತ ಕಪ್ಪು ಬಿಳಿ ಪಟ್ಟೆಗಳ ಡ್ಯಾಮ್ಸೆಲ್ ಮೀನುಗಳ ಹಿಂಡು. ನೆರಳು ಬಿದ್ದೊಡನೆ ಎಲ್ಲವೂ ಕೊಂಬೆಗಳ ಒಳಗೆ ಮಾಯ. ಇವುಗಳ ಬಂಧುಗಳಲ್ಲಿ ಕೆಲವು ವ್ಯವಸಾಯಗಾರರೂ ಉಂಟು. ಬಂಡೆಯ ಮೇಲಿನ ಅಂಗೈಯಗಲದ ಪಾಚಿಯ ತೋಟವನ್ನು ಕಾಯುತ್ತ, ಕಳೆ ಕಿತ್ತೆಸೆಯುತ್ತ, ತಮಗಿಂತ ಹತ್ತು ಪಟ್ಟು ದೊಡ್ಡವರನ್ನೂ ಅಟ್ಟಿಸಿಕೊಂಡು ಹೋಗುವ ಧೈರ್ಯ ಇವಕ್ಕೆ. ಈಜುವ ಮನುಷ್ಯನ ಬೆರಳನ್ನು ಕಚ್ಚಲೂ ಹಿಂಜರಿಯವು.

ಈ ತೋಟಗಳ ಮೇಲೆ ಕಣ್ಣಿಟ್ಟವರು ಸರ್ಜನ್ ಮೀನುಗಳು. ಬಾಲದ ಬುಡದಲ್ಲಿ ಶಸ್ತ್ರವೈದ್ಯನ ಚೂರಿಯಂಥ ಹರಿತವಾದ ಮುಳ್ಳಿರುವುದರಿಂದ ಆ ಹೆಸರು. ಬಿಳಿಯ ಮೈಗೆ ಕೈದಿಯ ಅಂಗಿಯಂತೆ ಕಪ್ಪು ಗೆರೆಗಳುಳ್ಳ ಒಂದು ಜಾತಿಯಿದೆ. ಒಂಟಿಯಾಗಿ ಬಂದರೆ ಡ್ಯಾಮ್ಸೆಲ್ ಅದನ್ನು ಸುಲಭವಾಗಿ ಓಡಿಸುತ್ತದೆ. ಆದುದರಿಂದ ಅದು ದಂಡುಕಟ್ಟಿ ಬರುತ್ತದೆ. ತೋಟಗಾರ ಒಂದನ್ನು ಅಟ್ಟುವಷ್ಟರಲ್ಲಿ ಉಳಿದವು ತೋಟವನ್ನು ಮೇಯ್ದು ಮುಗಿಸಿರುತ್ತವೆ. ಆಕಾಶನೀಲಿ ಮೈ, ಕಪ್ಪು ಮುಖ, ಹಳದಿ ಬೆನ್ನಿನ ಇನ್ನೊಂದು ಸರ್ಜನ್ ಮೀನು ಈ ಕಡಲಿನ ಅತಿ ಸುಂದರ ಮೀನುಗಳಲ್ಲಿ ಒಂದು. ಅಂಗಡಿಯಲ್ಲಿ ಇದನ್ನು ಕಂಡವರು ಬಿಟ್ಟುಬರುವುದು ಕಷ್ಟ. ಆದರೆ ದಿನವಿಡೀ ದಿಬ್ಬದುದ್ದಕ್ಕೂ ಈಜುತ್ತ ಮೇಯುವ ಪ್ರಾಣಿಗೆ ಮೂರಡಿಯ ತೊಟ್ಟಿಯೆಂದರೆ ಸೆರೆಮನೆ. ಬಳಲಿದೊಡನೆ ಮೈಮೇಲೆ ಬಿಳಿ ಚುಕ್ಕೆಯ ರೋಗ ಏಳುತ್ತದೆ. ಆ ರೋಗ ಉಳಿದ ಮೀನುಗಳಿಗೂ ಅಂಟುತ್ತದೆ. ಐದಾರು ಅಡಿ ಉದ್ದದ ತೊಟ್ಟಿಯೂ ಅನುಭವವೂ ಇಲ್ಲದವರು ಇದರ ಆಸೆಯನ್ನು ಬಿಡುವುದೇ ಲೇಸು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದೇ ಬಗೆಯ ಮೀನುಗಳು ಪರಸ್ಪರ ಹೊಂದಿಕೊಳ್ಳುತ್ತವೆಂದು ಮನೆಮಂದಿ ತಿಳಿಯುವುದು ಸಹಜ. ಹವಳದ ಕೇರಿಯಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ವಿಪರೀತ. ಒಂದೇ ಆಕಾರ, ಒಂದೇ ಬಣ್ಣ, ಒಂದೇ ಆಹಾರ ಇರುವವರೇ ಇಲ್ಲಿ ಕಡುವೈರಿಗಳು. ಏಕೆಂದರೆ ಅವರಿಗೆ ಬೇಕಾದ ಬಿಲವೂ ಒಂದೇ, ತುತ್ತೂ ಒಂದೇ. ನೀಲಿಯ ಸರ್ಜನ್ ಮೀನು ಮರಳಿನ ಗೋಬಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಇನ್ನೊಂದು ಸರ್ಜನ್ ಮೀನನ್ನು ಮಾತ್ರ ಸಹಿಸುವುದಿಲ್ಲ. ಆದುದರಿಂದ ತೊಟ್ಟಿಗೆ ಆರಿಸುವಾಗ ಬೇರೆ ಬೇರೆ ಮನೆತನದವರನ್ನು, ಬೇರೆ ಬೇರೆ ಮಹಡಿಯಲ್ಲಿ ವಾಸಿಸುವವರನ್ನು ಆರಿಸಬೇಕು: ಒಬ್ಬ ಮರಳಿನವನು, ಒಬ್ಬ ಬಂಡೆಯ ಬಿಲದವನು, ಒಬ್ಬ ನಡುನೀರಿನವನು.

ಊಟದ ಪ್ರಶ್ನೆ

ಜೋಡಿಯಾಗಿ, ಬಿಡದೆ ಒಂದರ ಹಿಂದೆ ಒಂದು ಸಾಗುವ ಚಿಟ್ಟೆಮೀನುಗಳನ್ನು ಕಂಡು ಮನಸೋಲದವರಿಲ್ಲ. ಸ್ವಭಾವ ಸಾಧು, ಯಾರ ಜಗಳಕ್ಕೂ ಹೋಗವು. ಆದರೆ ಇವುಗಳಲ್ಲಿ ಹಲವು ಜಾತಿಗಳಿಗೆ ಜೀವಂತ ಹವಳದ ಹೊರತು ಬೇರೆ ಆಹಾರ ಒಗ್ಗದು. ಎದುರಿಗೆ ಸಿಗಡಿಯ ರಾಶಿ ಹಾಕಿದರೂ ಮುಟ್ಟದೆ, ತೊಟ್ಟಿಯಲ್ಲಿ ಕೆಲವೇ ವಾರಗಳಲ್ಲಿ ಉಪವಾಸ ಸಾಯುತ್ತವೆ.

ಬಂಡೆಯ ತಿರುವಿನಲ್ಲಿ ಒಂದು ಕ್ಷೌರದಂಗಡಿಯೂ ಇದೆ ಎನ್ನಬೇಕು! ನೀಲಿ ಮೈಗೆ ಕಪ್ಪು ಗೆರೆಯ ಶುಚಿಗಾರ ಮೀನು ಅಲ್ಲಿಯ ಕಸುಬುದಾರ. ದೊಡ್ಡ ಮೀನುಗಳು ಸರದಿಯಲ್ಲಿ ಬಂದು ಬಾಯಿ ತೆರೆದು, ಕಿವಿರು ಅಗಲಿಸಿ ನಿಲ್ಲುತ್ತವೆ. ಬೆರಳುದ್ದದ ಶುಚಿಗಾರ ಅವುಗಳ ಹಲ್ಲಿನ ನಡುವೆಯೇ ನುಗ್ಗಿ, ಮೈಗಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿಂದು ಹೊರಬರುತ್ತದೆ. ತನ್ನ ತೊಟ್ಟಿಯ ಮೀನುಗಳಿಗೆ ವೈದ್ಯನಾದೀತೆಂದು ಇದನ್ನು ಕೊಳ್ಳುವವರುಂಟು. ನಾಲ್ಕಾರು ಗಿರಾಕಿಗಳಿರುವ ಊರಿನಲ್ಲಿ ಅಂಗಡಿ ನಡೆಯುವುದೆಂತು? ಇದೂ ಹಸಿವಿಗೆ ಬಲಿಯಾಗುತ್ತದೆ.

ಬಂಡೆಯಡಿಯ ಕತ್ತಲಲ್ಲಿ, ಕರಾವಳಿಯವರು ಮುರು ಎಂದು ಕರೆಯುವ ಮೀನು ಹೊಂಚಿ ಕುಳಿತಿದೆ. ಪಕ್ಕದಲ್ಲಿ ವಿಷದ ಮುಳ್ಳುಗಳನ್ನು ಬೀಸಣಿಗೆಯಂತೆ ಅಗಲಿಸಿದ ಸಿಂಹಮೀನು. ಇವು ಅಂಗಳಕ್ಕಾಗಿ ಜಗಳವಾಡುವವಲ್ಲ. ಬಾಯಿಗೆ ಹಿಡಿಸುವ ಯಾವ ಮೀನನ್ನಾದರೂ ಸದ್ದಿಲ್ಲದೆ ನುಂಗುವವು. ರಾತ್ರಿ ಇದ್ದ ಮೀನು ಬೆಳಗ್ಗೆ ಇಲ್ಲವೆಂದರೆ ಕಾರಣ ಇಂಥ ನೆರೆಯವರೇ. ಟ್ರಿಗರ್ ಮೀನಿನ ದವಡೆ ಚಿಪ್ಪನ್ನೂ ಒಡೆಯಬಲ್ಲುದು. ಅದರ ಜೊತೆಯಲ್ಲಿ ಸಿಗಡಿ ಬದುಕದು. ಪೆಟ್ಟಿಗೆಯ ಆಕಾರದ ಬಾಕ್ಸ್ ಮೀನು ಬಹು ಸಾಧು, ಆದರೆ ಹೆದರಿದರೆ ಮೈಯಿಂದ ವಿಷ ಸ್ರವಿಸುತ್ತದೆ. ಕಡಲಿನಲ್ಲಿ ಅದು ಕ್ಷಣದಲ್ಲಿ ಚದರಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲರನ್ನೂ, ಕೊನೆಗೆ ಅದನ್ನೇ ಕೊಲ್ಲಬಹುದು.

ಗಾಜಿನ ಗೋಡೆ

ಹಾಗಾದರೆ ಒಳಗಡಲಿನಲ್ಲಿ ಇವರೆಲ್ಲ ಹೇಗೆ ಒಟ್ಟಿಗಿದ್ದಾರೆ? ಇಲ್ಲಿಯೂ ಅಟ್ಟುವುದು, ಕಚ್ಚುವುದು, ನುಂಗುವುದು ದಿನವಿಡೀ ನಡೆದೇ ಇದೆ. ಆದರೆ ಸೋತವನಿಗೆ ಓಡಿಹೋಗಲು ಸ್ಥಳವಿದೆ. ಡ್ಯಾಮ್ಸೆಲ್ಲಿನ ಕೋಪ ಅದರ ತೋಟದ ಎಲ್ಲೆಯವರೆಗೆ ಮಾತ್ರ. ಒಂದು ಮಾರು ದೂರ ಸರಿದವನನ್ನು ಅದು ಮರೆತುಬಿಡುತ್ತದೆ. ತೊಟ್ಟಿಯಲ್ಲಿ ಆ ಒಂದು ಮಾರೇ ಇಲ್ಲ. ಓಡಿದವನು ಗಾಜಿಗೆ ಬಡಿದು ಅಲ್ಲೇ ನಿಲ್ಲುತ್ತಾನೆ. ಅಟ್ಟಿದವನಿಗೆ ಅವನಿನ್ನೂ ತನ್ನ ಎಲ್ಲೆಯೊಳಗೇ ಕಾಣುತ್ತಾನೆ. ಕಡಲಿನಲ್ಲಿ ಒಂದು ಕ್ಷಣದ ಬೆದರಿಕೆಯಾದುದು ತೊಟ್ಟಿಯಲ್ಲಿ ಹಗಲಿರುಳಿನ ಹಿಂಸೆಯಾಗುತ್ತದೆ.

ಎರಡನೆಯ ವ್ಯತ್ಯಾಸ ನೀರಿನದು. ಒಳಗಡಲಿನ ನೀರನ್ನು ಭರತ ಇಳಿತಗಳು ದಿನಕ್ಕೆರಡು ಬಾರಿ ಬದಲಿಸುತ್ತವೆ. ತೊಟ್ಟಿಯಲ್ಲಿ ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯವಾಗುತ್ತದೆ; ಅದು ಮೀನಿಗೆ ವಿಷ. ಕಲ್ಲು ಮರಳುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಗಳು ಬೆಳೆದು ಬಲಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ತಂದ ದಿನವೇ ಮೀನನ್ನೂ ತರುವ ಆತುರದಿಂದಾಗುವ ಸಾವುಗಳಿಗೆ ಲೆಕ್ಕವಿಲ್ಲ. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಕಡಲಿನ ಲವಣಗಳೆಲ್ಲ ಕೂಡಿದ ಸಿದ್ಧ ಮಿಶ್ರಣವನ್ನು ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಬೇಕು. ನೀರು ಆವಿಯಾಗಿ ತಗ್ಗಿದಾಗ ಸೇರಿಸಬೇಕಾದುದು ಸಿಹಿನೀರನ್ನೇ, ಉಪ್ಪುನೀರನ್ನಲ್ಲ. ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿದಿರುತ್ತದೆ.

ಯಾರು, ಯಾರ ಬಳಿಕ

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಮಧ್ಯಮ ವರ್ಗದ ಮನೆಗೆ ಸಾಧ್ಯವಾದ ಅಳತೆ ಇದು. ಇದರಲ್ಲಿ ಆರೇಳು ಸಣ್ಣ ಮೀನುಗಳಿಗಿಂತ ಹೆಚ್ಚು ಬೇಡ.

ಮರಳಿಗೆ ಒಂದು ಗೋಬಿ ಮತ್ತು ಅದರ ಸಂಗಾತಿ ಸಿಗಡಿ. ಬಂಡೆಗೆ ಪಾಚಿ ಮೇಯುವ ಒಂದು ಸಣ್ಣ ಬ್ಲೆನಿ ಮೀನು. ನಡುನೀರಿಗೆ ಬಿಳಿ ಕೆಂಪು ಮೈಯ ಒಂದು ಫೈರ್‌ಫಿಶ್. ಇದು ಅಂಜುಬುರುಕ, ಬೆದರಿದರೆ ತೊಟ್ಟಿಯಿಂದ ಹೊರಕ್ಕೇ ಹಾರುವುದರಿಂದ ಮೇಲೆ ಜಾಲರಿಯ ಮುಚ್ಚಳ ಬೇಕು. ಇಂಡೋನೇಷ್ಯದ ಬಾಂಗಾಯ್ ದ್ವೀಪಗಳ ಮೂಲದ, ಗಂಡು ಮೀನೇ ಮೊಟ್ಟೆಗಳನ್ನು ಬಾಯೊಳಗಿಟ್ಟು ಕಾಯುವ ಕಾರ್ಡಿನಲ್ ಮೀನಿನ ಒಂದು ಜೋಡಿ. ಕೊನೆಯಲ್ಲಿ ವಿದೂಷಕ ಮೀನಿನ ಜೋಡಿ. ಇವರಲ್ಲಿ ಒಬ್ಬರ ಬಾಯಿಗೆ ಇನ್ನೊಬ್ಬರು ಹಿಡಿಸುವುದಿಲ್ಲ, ಒಬ್ಬರ ಮನೆ ಇನ್ನೊಬ್ಬರಿಗೆ ಬೇಕಿಲ್ಲ.

ಕ್ರಮವೂ ಅಷ್ಟೇ ಮುಖ್ಯ. ಮೊದಲು ಬಂದವನು ತೊಟ್ಟಿಯನ್ನೆಲ್ಲ ತನ್ನದೆಂದು ತಿಳಿಯುತ್ತಾನೆ. ಆದುದರಿಂದ ಸಾಧುಗಳು ಮೊದಲು ಬಂದು ನೆಲೆಯೂರಬೇಕು; ಅಂಗಳ ಕಾಯುವ ಸ್ವಭಾವದವರು ಕೊನೆಗೆ ಬರಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕೆಲವು ವಾರಗಳ ಅಂತರವಿರಲಿ. ಬಂದ ಮೀನನ್ನು ಬೇರೊಂದು ಸಣ್ಣ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು, ರೋಗವಿಲ್ಲವೆಂದು ಕಂಡ ಮೇಲೆ ಒಳಗೆ ಬಿಡುವುದು ಜಾಣತನ. ಹಳಬರು ಹೊಸಬನನ್ನು ಕಾಡಿದರೆ ಕಲ್ಲುಗಳನ್ನೆಲ್ಲ ಬೇರೆ ರೀತಿಯಲ್ಲಿ ಜೋಡಿಸಬೇಕು. ಎಲ್ಲೆಗಳೆಲ್ಲ ಅಳಿಸಿಹೋಗಿ, ಹಳಬರೂ ಹೊಸಬರಂತೆಯೇ ಮನೆ ಹುಡುಕತೊಡಗುತ್ತಾರೆ. ಅಗ್ಗವೆಂದು, ಗಟ್ಟಿ ಜೀವವೆಂದು ಡ್ಯಾಮ್ಸೆಲ್ಲನ್ನು ಎಲ್ಲಕ್ಕಿಂತ ಮೊದಲು ತಂದುಬಿಡುವುದು ಹಳೆಯ ರೂಢಿ. ಆ ರೂಢಿಯಿಂದಾಗಿಯೇ ಎಷ್ಟೋ ತೊಟ್ಟಿಗಳು ಒಬ್ಬನೇ ಒಡೆಯನ ರಾಜ್ಯವಾಗಿಬಿಟ್ಟಿವೆ.

ಎಲ್ಲಿಂದ ತರುವುದು?

ಈ ಒಳಗಡಲಿನಿಂದ ಯಾರೂ ಏನನ್ನೂ ಕೈಯಲ್ಲಿ ಹಿಡಿದು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನೂ ಕಡಲಕುದುರೆಗಳನ್ನೂ 2001ರಲ್ಲಿ ಸೇರಿಸಲಾಯಿತು. ದಡದಲ್ಲಿ ಬಿದ್ದ ಸತ್ತ ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದೂ ಅಪರಾಧವೇ. ಕಡಲಕುದುರೆಯನ್ನು ಮನೆಯಲ್ಲಿ ಸಾಕುವ ಆಸೆಯನ್ನು ಭಾರತದಲ್ಲಿ ಯಾರೂ ಇಟ್ಟುಕೊಳ್ಳಬಾರದು.

ಕಾನೂನಿಗಿಂತ ದೊಡ್ಡ ಕಾರಣವೂ ಒಂದುಂಟು. ಕಡಲ ನೀರು ವಾಡಿಕೆಗಿಂತ ಬಿಸಿಯಾದಾಗ ಹವಳದ ಜೀವಿಯು ತನಗೆ ಬಣ್ಣವನ್ನೂ ಅನ್ನವನ್ನೂ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ದಿಬ್ಬಗಳು ಹೀಗೆ ಬಿಳಿಚಿ ನೊಂದಿವೆ. ಹವಳ ಸತ್ತರೆ ಕೇರಿ ಪಾಳು ಬೀಳುತ್ತದೆ. ಹವಳವನ್ನೇ ಉಣ್ಣುವ ಚಿಟ್ಟೆಮೀನು ಎಲ್ಲರಿಗಿಂತ ಮೊದಲು ಕಾಣೆಯಾಗುತ್ತದೆ. ಇಂಥ ಕೇರಿಯಿಂದ ಹಿಡಿದು ತಂದ ಮೀನಿಗಿಂತ ತಳಿಕೇಂದ್ರದಲ್ಲಿ ಹುಟ್ಟಿದ ಮೀನನ್ನು ಕೇಳಿ ಕೊಳ್ಳುವುದು ಸಾಕುವವರ ಕರ್ತವ್ಯ.

ಅದಕ್ಕೆ ಇಂದು ಅನುಕೂಲವೂ ಇದೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳ ವಿಜ್ಞಾನಿಗಳು ವಿದೂಷಕ ಮೀನುಗಳನ್ನೂ ಹಲವು ಡ್ಯಾಮ್ಸೆಲ್‌ಗಳನ್ನೂ ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ಸಾಧಿಸಿದ್ದಾರೆ. ಗಂಡು ಮೀನು ಒಂದು ವಾರದಷ್ಟು ಕಾಲ ಬೀಸಣಿಗೆಯಂತೆ ರೆಕ್ಕೆಯಾಡಿಸುತ್ತ ಮೊಟ್ಟೆಗಳನ್ನು ಕಾಯುತ್ತದೆ. ಕತ್ತಲಾದ ಮೇಲೆ ಹೊರಬರುವ, ಗಾಜಿನಂತೆ ಪಾರದರ್ಶಕವಾದ ಮರಿಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಬೇರೆಯಾಗಿ ಬೆಳೆಸಿ ಉಣಿಸಬೇಕು. ಹೀಗೆ ಬೆಳೆದ ಮೀನಿಗೆ ಗಾಜಿನ ಗೋಡೆ ಹುಟ್ಟಿನಿಂದಲೇ ಪರಿಚಿತ. ಒಣ ಆಹಾರ ಒಗ್ಗಿದ್ದು. ಮನುಷ್ಯನ ನೆರಳಿಗೆ ಅಂಜಿಕೆ ಕಡಿಮೆ. ಬೆಲೆ ತುಸು ಹೆಚ್ಚಾದರೂ ಬಾಳಿಕೆ ಹೆಚ್ಚು.

ಮುಸ್ಸಂಜೆಯ ಪಾಳಿ

ಸೂರ್ಯ ಪಡುವಣದ ನೊರೆಯ ಗೆರೆಯಾಚೆಗೆ ಇಳಿಯುವ ಹೊತ್ತಿಗೆ ಕಡಮತ್ತಿನ ಒಳಗಡಲಿನಲ್ಲಿ ಪಾಳಿ ಬದಲಾಗುತ್ತದೆ. ಸರ್ಜನ್ ಮೀನುಗಳ ದಂಡು ಚದರುತ್ತದೆ. ಚಿಟ್ಟೆಮೀನುಗಳು ತಮ್ಮ ತಮ್ಮ ಬಿರುಕುಗಳನ್ನು ಸೇರುತ್ತವೆ. ದಿನವೆಲ್ಲ ಹವಳದ ಕಲ್ಲನ್ನು ಕೊರೆದು ತಿಂದು ಬಿಳಿಯ ಮರಳಾಗಿ ಉದುರಿಸಿದ ಗಿಳಿಮೀನುಗಳಲ್ಲಿ ಕೆಲವು ತಮ್ಮ ಸುತ್ತ ಲೋಳೆಯ ಪೊರೆಯೊಂದನ್ನು ಹೆಣೆದು, ಸೊಳ್ಳೆಪರದೆಯೊಳಗೆ ಮಲಗಿದಂತೆ ಮಲಗುತ್ತವೆ. ಸುಮಾರು ಕಾಲು ಗಂಟೆಯ ಕಾಲ ಬಂಡೆಗಳ ಮೇಲೆ ಯಾರೂ ಕಾಣುವುದಿಲ್ಲ. ಆ ಬಳಿಕ ಅದೇ ಬಿರುಕುಗಳಿಂದ ದೊಡ್ಡ ಕಣ್ಣಿನ, ಕೆಂಪು ಮೈಯ ಸೈನಿಕ ಮೀನುಗಳು ಹೊರಬರುತ್ತವೆ. ಹಗಲೆಲ್ಲ ಇವು ಮಲಗಿದ್ದ ಎಡೆಯ ಆಸುಪಾಸಿನಲ್ಲಿ ಈಗ ಹಗಲಿನವರು ಮಲಗಿದ್ದಾರೆ.

ತೊಟ್ಟಿಯ ನೆರೆಹೊರೆ ಸರಿಯಾಗಿದೆಯೇ ಎಂಬುದನ್ನು ತಿಳಿಯಲು ಇದೇ ತಕ್ಕ ಸಮಯ. ರಾತ್ರಿ ದೀಪ ಆರಿಸುವ ಮುನ್ನ ಮನೆಯವರು ಐದು ನಿಮಿಷ ಅದರೆದುರು ಕುಳಿತು, ಪ್ರತಿಯೊಂದು ಮೀನೂ ತನ್ನ ಬಿಲವನ್ನೋ ಮೂಲೆಯನ್ನೋ ನೆಮ್ಮದಿಯಿಂದ ಸೇರುತ್ತದೆಯೇ ಎಂದು ಎಣಿಸಿಕೊಳ್ಳಬೇಕು. ಎಲ್ಲಿಯೂ ನಿಲ್ಲಗೊಡದೆ ಅಟ್ಟಲ್ಪಟ್ಟು, ಮೇಲಿನ ಮೂಲೆಯಲ್ಲಿ ಗಾಜಿಗೆ ಮೈಯೊತ್ತಿ, ರೆಕ್ಕೆ ಮುದುರಿ ನಿಂತ ಒಂದು ಮೀನು ಕಂಡರೆ ಮರುದಿನದ ವರೆಗೆ ಕಾಯಬಾರದು. ಅದನ್ನೋ ಅದನ್ನು ಅಟ್ಟುವವನನ್ನೋ ಆ ರಾತ್ರಿಯೇ ಬೇರೆ ತೊಟ್ಟಿಗೆ ತೆಗೆದಿಡಬೇಕು.